ನಾನೂರ ಹನ್ನೆರಡನೆಯ ಸರದಿ

ಶಿಷ್ಯೆ ಕೇಳಿದಳು: "ಗುರುಗಳೇ, ಸರ್ವರ್ ಕೆಟ್ಟಿದೆ ಎಂದು ನಮ್ಮನ್ನು ಕರೆಯುತ್ತಾರೆ. ಸರಿಮಾಡಿ ಬರುತ್ತೇವೆ. ಅದರೊಳಗೆ ಏನು ಓಡುತ್ತಿದೆ ಎಂದು ನೋಡುವುದೂ ನಮ್ಮ ಕೆಲಸವೇ?"

ಗುರುಗಳು ಮೂವತ್ತು ವರ್ಷ ಸರ್ವರ್‌ಗಳ ದುರಸ್ತಿ ಮಾಡಿದವರು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಬಡವರಿಗೆ ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಿದ್ದರು. ವಾರಕ್ಕೆ ನಾಲ್ಕೇ ಆಗುತ್ತಿದ್ದವು. ಕಾಯುವವರು ಬಹಳ. ಹೆಸರು ಬರೆಸಿದವರಿಗೆ ಒಂದು ಸಂಖ್ಯೆ ಸಿಗುತ್ತಿತ್ತು. ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಮುಂದೆ ಇನ್ನೆಷ್ಟು ಜನರಿದ್ದಾರೆ ಎಂದು ತೋರಿಸುತ್ತಿತ್ತು. ಮೊದಲು ಬಂದವರಿಗೆ ಮೊದಲು ಎಂದು ಬಾಗಿಲ ಮೇಲೆ ಬರೆದಿತ್ತು. ಡಾಕ್ಟರು ಕೂಡ ಆ ಪುಟ ತೋರಿಸಿದ ಕ್ರಮದಲ್ಲೇ ರೋಗಿಗಳನ್ನು ಕರೆಯುತ್ತಿದ್ದರು.

ಆ ವೆಬ್‌ಸೈಟು ನಡೆಸುವ ಸರ್ವರನ್ನು ನೋಡಿಕೊಳ್ಳುತ್ತಿದ್ದವನು ಫಕ್ಕೀರೇಶ. ಕೆಲಸದಲ್ಲಿ ನಿಯತ್ತಿನವನು. ಎರಡು ತಿಂಗಳ ಹಿಂದೆ ಅವನ ತಾಯಿಗೂ ಅಲ್ಲೇ ಶಸ್ತ್ರಚಿಕಿತ್ಸೆ ಆಗಿತ್ತು. ಹೆಸರು ಬರೆಸಿದ ಒಂಬತ್ತನೆಯ ದಿನಕ್ಕೆ ಕರೆ ಬಂದಿತ್ತು. ಯಾರೋ ಬರಲಾಗದೆ ಜಾಗ ತೆರವಾಯಿತು, ನಿಮ್ಮ ತಾಯಿ ಪುಣ್ಯವಂತರು ಎಂದು ಆಸ್ಪತ್ರೆಯ ಕಾರ್ಯದರ್ಶಿ ಹೇಳಿದ್ದರು. ಅವನು ನಂಬಿದ್ದ.

ಒಂದು ಭಾನುವಾರ ಫಕ್ಕೀರೇಶ ಸರ್ವರಿಗೆ ಹೊಸ ತಂತ್ರಾಂಶ ಹಾಕಿದ. ಸೋಮವಾರ ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಸರದಿಯ ಪುಟ ತೆರೆಯುತ್ತಿಲ್ಲ, ಒತ್ತಿದವರಿಗೆಲ್ಲ ಏನೋ ಒಂದು ಫೈಲ್ ಡೌನ್‌ಲೋಡ್ ಆಗುತ್ತಿದೆ ಎಂದರು. ಅವನು ಕೂಡಲೇ ಹೊರಟ.

ಆಸ್ಪತ್ರೆಯ ಪಡಸಾಲೆಯಲ್ಲಿ ಕಾಶವ್ವ ಎಂಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ ಗುರುಬಸಪ್ಪ. ಮಗ್ಗದ ಕೆಲಸದವನು. ಕಾಲು ಬಾತಿದ್ದವು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಅವನ ಸಂಖ್ಯೆ ನಾನೂರ ಹನ್ನೆರಡು. ಏಳು ತಿಂಗಳ ಹಿಂದೆ ಹೆಸರು ಬರೆಸಿದಾಗ ಮುಂದೆ ನಲವತ್ತು ಜನರಿದ್ದರು. ಅದು ಇಳಿದು ಹನ್ನೊಂದಕ್ಕೆ ಬಂದು ನಿಂತಿತ್ತು. ಒಂದು ವಾರ ಒಂಬತ್ತು ಎನ್ನುತ್ತಿತ್ತು, ಮರುವಾರ ಹದಿಮೂರು ಎನ್ನುತ್ತಿತ್ತು.

ಕಾಶವ್ವನ ಮುಖದಲ್ಲಿ ಆ ದಿನ ಗೆಲುವಿತ್ತು. ಬಟ್ಟೆ, ತಟ್ಟೆ, ಲೋಟ ಎಲ್ಲ ಗಂಟು ಕಟ್ಟಿಕೊಂಡು ಬಂದಿದ್ದಳು. ಅವಳ ಕೈಯಲ್ಲಿ ಎಂಟು ಹಾಳೆಗಳಿದ್ದವು.

ಫಕ್ಕೀರೇಶ ಒಳಗೆ ಬಂದಾಗ, ಸರ್ವರಿನವನು ಎಂದು ಯಾರೋ ತೋರಿಸಿದರು. ಅವಳು ಎದ್ದು ಬಂದಳು.

"ಸಾಹೇಬರ, ಕರೆ ಬಂದೈತಿ. ಮೊಬೈಲ್ ಅಂಗಡಿಯಾಂವ ತಗದು ಕೊಟ್ಟ. ಎಲ್ಲಾ ಇಂಗ್ಲೀಷಿನ್ಯಾಗ ಐತಿ. ನಮ್ಮ ಮನಿಯವರ ನಂಬರ್ ನಾನೂರಾ ಹನ್ನೆರಡು, ಹೆಸರು ಬರಸಿ ಏಳು ತಿಂಗಳಾತು. ಅವರ ದಿನ ಯಾವುದು ಬರದಾರ, ಚೂರು ಓದಿ ಹೇಳ್ರಿ."

ಫಕ್ಕೀರೇಶ ಹಾಳೆ ಇಸಿದುಕೊಂಡ. ಮೇಲಿನ ಸಾಲಿನಲ್ಲಿ ಆಸ್ಪತ್ರೆಯ ಹೆಸರಿತ್ತು. ಅದರ ಕೆಳಗಿನ ಸಾಲು ಓದಿದ.

ಅದು ಕರೆಪತ್ರವಲ್ಲ. ಸರದಿ ತೋರಿಸುವ ಸ್ಕ್ರಿಪ್ಟು. ಸ್ಕ್ರಿಪ್ಟ್ ಎಂದರೆ ಸರ್ವರಿಗೆ ಬರೆದ ಆಜ್ಞೆಗಳು. ಸರ್ವರ್ ಆ ಆಜ್ಞೆಗಳನ್ನು ತಾನು ನಡೆಸಿ, ಬಂದ ಫಲವನ್ನು ಮಾತ್ರ ಜನರಿಗೆ ತೋರಿಸಬೇಕು. ಆ ಬೆಳಿಗ್ಗೆ ಅದು ಆಜ್ಞೆಗಳನ್ನು ನಡೆಸದೆ ಕೇಳಿದವರ ಕೈಗೆ ಅವನ್ನೇ ಕೊಡುತ್ತಿತ್ತು. ಎರಡನೆಯ ಸಾಲಿನಲ್ಲಿ ರೋಗಿಗಳ ಡೇಟಾಬೇಸಿನ ಪಾಸ್‌ವರ್ಡ್ ಇತ್ತು. ಎಲ್ಲ ರೋಗಿಗಳ ಹೆಸರು, ವಿಳಾಸ, ಕಾಯಿಲೆ ಆ ಒಂದು ಪದದ ಹಿಂದೆ ಇದ್ದವು.

"ಕೂತಿರಿ ಅಕ್ಕಾರ, ಬಂದೆ," ಎಂದು ಹಾಳೆ ಹಿಡಿದೇ ಒಳಗೆ ಓಡಿದ.

ಮೊದಲು ಆ ಪುಟವನ್ನು ಮುಚ್ಚಿದ. ಪಾಸ್‌ವರ್ಡ್ ಬದಲಿಸಿದ. ಆಮೇಲೆ ದೋಷ ಹುಡುಕಿದ. ಸ್ಕ್ರಿಪ್ಟನ್ನು ನಡೆಸುವ ಭಾಗ ಒಂದಿರುತ್ತದೆ. ಭಾನುವಾರದ ಬದಲಾವಣೆಯಲ್ಲಿ ಅದು ಸರ್ವರಿಗೆ ಸೇರಿಕೊಂಡಿರಲಿಲ್ಲ. ಅದನ್ನು ಸೇರಿಸಿದ. ಇಂಥ ಫೈಲು ಬಂದರೆ ಕಳಿಸಬೇಡ, ನಡೆಸು ಎಂಬ ಸಾಲನ್ನು ಬರೆದ. ಸರ್ವರನ್ನು ನಿಲ್ಲಿಸಿ ಮತ್ತೆ ಹೊರಡಿಸಿದ. ಪುಟ ತೆರೆಯಿತು. ಗುಮಾಸ್ತರು ನಿಟ್ಟುಸಿರು ಬಿಟ್ಟರು. ಕಾರ್ಯದರ್ಶಿ ಚಹಾ ತರಿಸಿದರು.

ಫಕ್ಕೀರೇಶ ಪುಟ ಸರಿಯಿದೆಯೇ ಎಂದು ನೋಡಲು ನಾನೂರ ಹನ್ನೆರಡು ಎಂದು ಹಾಕಿದ. ನಿಮ್ಮ ಮುಂದೆ ಹನ್ನೆರಡು ಜನರಿದ್ದಾರೆ ಎಂದು ಬಂತು. ಏಳು ತಿಂಗಳಾದ ಮೇಲೂ ಹನ್ನೆರಡೇ? ಅವನು ಕಾಶವ್ವನ ಹಾಳೆಗಳನ್ನು ಮೊದಲಿನಿಂದ ಓದಿದ.

ಐದನೆಯ ಹಾಳೆಯಲ್ಲಿ ಕೈ ನಿಂತಿತು. ಅಲ್ಲೊಂದು ಆಜ್ಞೆ ಇತ್ತು. ಈ ಕೆಳಗಿನ ಸಂಖ್ಯೆಗಳು ಯಾವಾಗ ಬಂದರೂ ಎಲ್ಲರಿಗಿಂತ ಮುಂದೆ ಇಡು. ಕೆಳಗೆ ಎಂಬತ್ತಮೂರು ಸಂಖ್ಯೆಗಳಿದ್ದವು. ಅವೆಲ್ಲ ನಾನೂರ ಹನ್ನೆರಡರ ನಂತರದವು, ಹಿಂದುಮುಂದಾಗಿ ಬರೆದವು. ಓದುತ್ತ ಕೊನೆಯ ಸಾಲಿಗೆ ಬಂದ. ಐನೂರ ಅರವತ್ತು.

ಆ ಸಂಖ್ಯೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂಬತ್ತು ದಿನ ಬೆಳಿಗ್ಗೆ ಸಂಜೆ ಅದನ್ನೇ ಹಾಕಿ ನೋಡಿದ್ದ. ಅದು ಅವನ ತಾಯಿಯದು.

ಹಾಳೆಯನ್ನು ಕಾರ್ಯದರ್ಶಿಯ ಮುಂದೆ ಇಟ್ಟ.

"ಇದೇನು ಸರ್?"

ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಕೆಡಿಸಿಕೊಳ್ಳಲಿಲ್ಲ. "ದಾನಿಗಳು ಹೇಳಿದವರ ಸಂಖ್ಯೆಗಳು. ಅವರ ಮಾತು ನಡೆಸದಿದ್ದರೆ ಆಸ್ಪತ್ರೆ ನಡೆಯುವುದಿಲ್ಲ. ಸರ್ವರ್ ಕೆಟ್ಟಿತ್ತು, ಸರಿಮಾಡಿದಿರಿ. ನಿಮ್ಮ ಕೆಲಸ ಮುಗಿಯಿತು."

"ನನ್ನ ತಾಯಿಯದನ್ನು ಯಾವ ದಾನಿ ಹೇಳಿದರು?"

"ಅದನ್ನು ನಾನೇ ಹಾಕಿಸಿದೆ. ನೀವು ನಮ್ಮವರಲ್ಲವೇ?" ಎಂದರು ಕಾರ್ಯದರ್ಶಿ. ಬಳಿಕ ಮೆಲ್ಲಗೆ ಕೇಳಿದರು: "ಅಮ್ಮ ಈಗ ಹೇಗಿದ್ದಾರೆ?"

ಫಕ್ಕೀರೇಶ ಚಹಾ ಮುಟ್ಟಲಿಲ್ಲ. ಹಾಳೆಗಳನ್ನು ಎತ್ತಿಕೊಂಡು ಪಡಸಾಲೆಗೆ ಬಂದ. ಕಾಶವ್ವನ ಎದುರು ನೆಲದ ಮೇಲೆ ಕೂತ. ಇದು ಕರೆಪತ್ರವಲ್ಲ ಎಂದ. ಏನೆಂದು ತಿಳಿಸಿ, ಐದನೆಯ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದ. ಎಂಬತ್ತಮೂರು ಸಂಖ್ಯೆಗಳನ್ನೂ ಬಿಡದೆ ಓದಿದ. ಸುತ್ತ ಕೂತಿದ್ದವರು ಎದ್ದು ಬಂದು ನಿಂತರು. ಕೆಲವರ ಫೋನಿನಲ್ಲಿ ಅದೇ ಫೈಲಿತ್ತು. ಕೊನೆಯ ಸಂಖ್ಯೆ ಓದಿ, ಇದು ನನ್ನ ತಾಯಿ ಎಂದ.

ಒಬ್ಬ ಮುದುಕ ಹೊಡೆಯಲು ಕೈ ಎತ್ತಿದವನು ಹಾಗೇ ಇಳಿಸಿದ. ಕಾಶವ್ವ ಗಂಟಿನ ಮೇಲೆ ಕೈಯಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಗದ್ದಲವಿದ್ದ ಪಡಸಾಲೆ ಒಮ್ಮೆಗೇ ಸುಮ್ಮನಾದದ್ದು ಕೇಳಿ ಡಾಕ್ಟರು ಹೊರಗೆ ಬಂದರು. ಅವರಿಗೆ ಏನೂ ತಿಳಿದಿರಲಿಲ್ಲ. ಹಾಳೆ ಓದಿದರು. ಮತ್ತೊಮ್ಮೆ ಓದಿದರು. ಕೌಂಟರಿನಲ್ಲಿದ್ದ ಕೈಬರಹದ ನೋಂದಣಿ ಪುಸ್ತಕ ತರಿಸಿ, ಇನ್ನು ಮೇಲೆ ಇದರ ಪ್ರಕಾರವೇ ಕರೆಯುತ್ತೇನೆ ಎಂದರು. ಆ ಸಾಲುಗಳನ್ನು ಸ್ಕ್ರಿಪ್ಟಿನಿಂದ ತೆಗೆಯುವವರೆಗೆ ಶಸ್ತ್ರಚಿಕಿತ್ಸೆಯ ಕೋಣೆಗೆ ಕಾಲಿಡುವುದಿಲ್ಲ ಎಂದು ಕಾರ್ಯದರ್ಶಿಗೆ ಹೇಳಿ ಕಳಿಸಿದರು. ಮಧ್ಯಾಹ್ನದೊಳಗೆ ಫಕ್ಕೀರೇಶನೇ ಅವನ್ನು ತೆಗೆದ.

ಪುಸ್ತಕದಲ್ಲಿ ಉಳಿದವರಲ್ಲಿ ಮೊದಲ ಹೆಸರು ಗುರುಬಸಪ್ಪನದು. ಅವನನ್ನು ಅಂದೇ ಒಳಗೆ ಕರೆದರು. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಹೊರಗೆ ಬಂದು ಕಾಶವ್ವನ ಮುಂದೆ ನಿಂತರು.

"ಹೃದಯ ಪೂರ್ತಿ ಸೋತಿದೆ ತಾಯಿ. ಈಗ ಕೊಯ್ದರೆ ಉಳಿಯುವುದಿಲ್ಲ. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಆಗುತ್ತಿತ್ತು."

"ಬಂದಿದ್ವಿರಿ ಸಾಹೇಬರ," ಎಂದಳು ಕಾಶವ್ವ.

ಅವಳು ಗಂಟು ಎತ್ತಿಕೊಂಡಳು. ಗಂಡನ ಕೈ ಹಿಡಿದು ನಡೆಸಿಕೊಂಡು ಬಸ್ಸಿಗೆ ಹೋದಳು.

ಫಕ್ಕೀರೇಶ ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದ. ಆಕೆ ಸೊಪ್ಪು ಬಿಡಿಸುತ್ತಿದ್ದಳು. ಎದೆಯ ಮೇಲಿನ ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟುಕೊಂಡಳು. "ಇದನ್ನ ಈಗ ಯಾರಿಗೆ ತಿರುಗಿ ಕೊಡಲೋ?" ಎಂದಳು.

ಹದಿನೇಳನೆಯ ದಿನ ಗುರುಬಸಪ್ಪ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕಸುಬಿನವರು ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಒಟ್ಟು ಎಷ್ಟು ಹೊತ್ತು ಆ ಸರ್ವರ್ ಕೆಟ್ಟಿತ್ತು, ಗುರುಗಳೇ?"

ಗುರುಗಳು ಹೇಳಿದರು: "ಕೆಟ್ಟದ್ದು ಒಂದು ಬೆಳಗು. ಗುರುಬಸಪ್ಪನನ್ನು ಕೊಂದದ್ದು ಅದು ಸರಿಯಾಗಿ ಓಡುತ್ತಿದ್ದ ಏಳು ತಿಂಗಳು."