ಕೊಕ್ಕಪ್ಪ ಆರಿಸಿದ ಉಪಯಜಮಾನ

ಕೊಕ್ಕಪ್ಪನೆಂಬ ಕಾಗೆ ಆಲದ ಮರದ ಯಜಮಾನಿಕೆಗೆ ಹದ್ದಿನ ಎದುರು ಚುನಾವಣೆಗೆ ನಿಂತಿದ್ದ. ಬೇರೆ ಹಕ್ಕಿಗಳ ಮತವೂ ಬೀಳಲೆಂದು ಸಾಧು ಪಾರಿವಾಳವೊಂದನ್ನು ಉಪಯಜಮಾನನಾಗಿ ಆರಿಸಿಕೊಂಡ.

"ನಿನಗಾಗಿ ಗಂಟಲು ಹರಿದುಕೊಂಡವರು ನಾವು. ನಮ್ಮಲ್ಲಿ ಒಬ್ಬರೂ ಸಿಗಲಿಲ್ಲವೇ?" ಎಂದು ಅವನ ಮುದಿ ಚಿಕ್ಕಪ್ಪ ಕೇಳಿದ.

"ನೀವು ಮನೆಯವರು ಚಿಕ್ಕಪ್ಪ, ಎಲ್ಲಿಗೆ ಹೋಗುತ್ತೀರಿ?" ಎಂದು ಕೊಕ್ಕಪ್ಪ ನಕ್ಕುಬಿಟ್ಟ.

ಮತದಾನದ ದಿನ ಪಾರಿವಾಳಗಳು, ಗಿಳಿಗಳು ಸಾಲುಗಟ್ಟಿ ಬಂದವು. ಕಾಗೆಗಳು ಮಾತ್ರ ಪಕ್ಕದ ಹುಣಸೆಮರದಿಂದ ಕದಲಲಿಲ್ಲ. ಕೊಕ್ಕಪ್ಪ ಅಲ್ಲಿಗೆ ಹಾರಿಹೋಗಿ, "ಹದ್ದು ಗೆದ್ದರೆ ನಮ್ಮ ಮರಿಗಳ ಗತಿಯೇನು ಚಿಕ್ಕಪ್ಪ? ಬಂದು ಮತ ಹಾಕಿ!" ಎಂದು ಅಂಗಲಾಚಿದ.

"ನಾವು ಬಂದರೆ ನಿನ್ನ ಪಾರಿವಾಳ ಬೆಚ್ಚಿಬೀಳುತ್ತದಪ್ಪ," ಎಂದ ಚಿಕ್ಕಪ್ಪ.

ಹದ್ದೇ ಗೆದ್ದಿತು. ಗೆದ್ದದ್ದೇ ಎಲ್ಲರನ್ನೂ ಓಡಿಸಿ, ಹುಣಸೆಮರವೂ ತನ್ನದೇ ಎಂದಿತು. ಆ ಸಂಜೆ ಕೊಕ್ಕಪ್ಪ, ಚಿಕ್ಕಪ್ಪ, ಪಾರಿವಾಳ ಮೂವರೂ ಒಂದೇ ಕರೆಂಟು ತಂತಿಯ ಮೇಲೆ ಕೂತಿದ್ದರು.