ಕಣಜದಲ್ಲಿಟ್ಟ ಹುಟ್ಟು

ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಹತ್ತಾರು ಮನೆ, ಒಂದು ಸಣ್ಣ ಮಠ. ಕುಡಿತ ಬಿಡಬೇಕೆಂದವರು ತೆಪ್ಪ ಹತ್ತಿ ಅಲ್ಲಿಗೆ ಬರುತ್ತಿದ್ದರು. ಮಠದ ಸಂಗಯ್ಯಜ್ಜ ಬಂದವರಿಗೆ ಗಂಜಿ, ಕೆಲಸ, ಮಲಗಲು ಒಂದು ಚಾಪೆ ಕೊಡುತ್ತಿದ್ದರು.

ನಡುಗಡ್ಡೆಗೆ ಸಾರಾಯಿ ತರಬಾರದೆಂದು ಅಲ್ಲಿಯ ಜನರೇ ಕಟ್ಟುಪಾಡು ಮಾಡಿದ್ದರು. ಅದನ್ನು ಕಾಯುವವನು ಅಜ್ಜನ ಶಿಷ್ಯ ಗದಿಗೆಪ್ಪ. ದಂಡೆಗೆ ಇಳಿದವರ ಚೀಲಗಳನ್ನೆಲ್ಲ ಮೂಸಿ ನೋಡುತ್ತಿದ್ದ. ಮದುವೆಗೆ ಬಂದ ಬೀಗರನ್ನೂ ಬಿಟ್ಟವನಲ್ಲ ಪುಣ್ಯಾತ್ಮ. ಎರಡು ವರ್ಷದಲ್ಲಿ ಒಂದು ತೊಟ್ಟೂ ಒಳಗೆ ಬಂದಿರಲಿಲ್ಲ.

ಹುಲಿಗೆಪ್ಪ ಮಠಕ್ಕೆ ಬಂದು ನಲವತ್ತು ದಿನವಾಗಿತ್ತು. ತೆಪ್ಪ ನಡೆಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಕುಡಿಯುವುದರಲ್ಲೂ. ಹೆಂಡತಿ ಬೇಸತ್ತು ತವರು ಸೇರಿದ್ದಳು. ದಸರೆಗೆ ಬಂದು ನೋಡುತ್ತೇನೆ, ನೆಟ್ಟಗಾಗಿದ್ದರೆ ಸರಿ, ಇಲ್ಲದಿದ್ದರೆ ಅದೇ ಕೊನೆ ಎಂದು ಹೇಳಿ ಕಳಿಸಿದ್ದಳು.

ಮಠಕ್ಕೆ ಬಂದವರು ಮಲಗುವ ಪಡಸಾಲೆಗೆ ಒಂದು ಬೆಳಿಗ್ಗೆ ಅಜ್ಜ ಬಂದರು. ಗೋಡೆಯ ಗೂಟದಲ್ಲಿ ಸದಾ ತೂಗುತ್ತಿದ್ದ ತೆಪ್ಪದ ಹುಟ್ಟು ಅಲ್ಲಿರಲಿಲ್ಲ.

"ಹುಟ್ಟು ಎಲ್ಲಿ ಅದ?"

"ಜೋಳದ ಕಣಜದಾಗ ಮುಚ್ಚಿಟ್ಟೀನ್ರಿ ಅಜ್ಜಾರ," ಎಂದ ಗದಿಗೆಪ್ಪ. "ಹುಲಿಗೆಪ್ಪ ದಿನಾ ಆ ದಂಡಿ ಸಾರಾಯಿ ಅಂಗಡೀನೇ ನೋಡಕೋತ ಕುಂದರ್ತಾನ. ಇನ್ನ ನಾಕ ದಿನಕ್ಕ ಹೊಳಿ ತುಂಬಿ ಬರ್ತದ. ಆಮ್ಯಾಲೆ ಹೊಳೀನೇ ಅವನ್ನ ಕಾಯ್ತದ."

"ಬ್ಯಾಸಿಗ್ಯಾಗ ಹೊಳಿ ಮೊಣಕಾಲಿಗಿ ಇಳೀತದ. ಆವಾಗ ಯಾರು ಕಾಯ್ತಾರ?"

ಗದಿಗೆಪ್ಪ ಕಣಜದಿಂದ ಹುಟ್ಟು ತೆಗೆದು ತಂದ. ಅಜ್ಜ ಅದನ್ನು ಹುಲಿಗೆಪ್ಪನ ಕೈಗಿಟ್ಟರು.

"ಉಪ್ಪು ತೀರ್ಯದ. ಆ ದಂಡಿಗಿ ಹೋಗಿ ತಗೊಂಡು ಬಾ."

ಹುಲಿಗೆಪ್ಪ ಹೋದ. ಸಂಜೆಗೆ ಬಂದ, ಕಾಲು ನಿಲ್ಲದಷ್ಟು ಕುಡಿದು. ಉಪ್ಪಿನ ಚೀಲದಿಂದ ನೀರು ಸೋರುತ್ತಿತ್ತು.

ಗದಿಗೆಪ್ಪ ಕೆಂಡವಾದ. "ಇವನ್ನ ಹೊರಗ ಹಾಕ್ರಿ ಅಜ್ಜಾರ!"

"ಉಪ್ಪು ತಂದಾನಿಲ್ಲೋ?"

"ತಂದಾನ್ರಿ. ಅರ್ಧ ಕರಗಿ ಹೋಗ್ಯದ."

"ಉಳಿದ ಅರ್ಧಕ್ಕ ನಾಳಿ ಹೋಗ್ಲಿ."

"ಇನ್ನ ಎಷ್ಟು ಸಲ ಅವನ ಕೈಗಿ ಹುಟ್ಟು ಕೊಡ್ತೀರಿ?"

"ಅವ ಎಷ್ಟು ಸಲ ತಿರುಗಿ ಬರ್ತಾನೋ ಅಷ್ಟು ಸಲ."

ಮರುದಿನ ಹೊಳೆಗೆ ಕೆಂಪು ನೀರು ಬಂದಿತ್ತು. ಹುಲಿಗೆಪ್ಪ ತಲೆ ಎತ್ತಲಿಲ್ಲ. "ನನಗ ಕೊಡಬ್ಯಾಡ್ರಿ ಅಜ್ಜಾರ. ನನ್ನ ಮ್ಯಾಲೆ ನನಗೇ ನಂಬಿಕಿಲ್ಲ."

ಅಜ್ಜ ಹುಟ್ಟು ಚಾಚಿದರು. ಚಾಚಿದ ಕೈ ಹಿಂದೆ ತೆಗೆಯಲೇ ಇಲ್ಲ. ಕೊನೆಗೆ ಹುಲಿಗೆಪ್ಪನೇ ತೆಗೆದುಕೊಂಡ.

"ನಾನೂ ಜೋಡಿ ಹೋಗ್ತೀನ್ರಿ," ಎಂದ ಗದಿಗೆಪ್ಪ.

"ನೀ ಹೋದ್ರ ನೀ ಬಿಡಿಸಿದಂಗ ಆಗ್ತದ, ಅವ ಬಿಟ್ಟಂಗ ಆಗಲ್ಲ."

ಹೊತ್ತು ವಾಲಿತು. ನೀರು ದಂಡೆಯ ಎರಡು ಮೆಟ್ಟಿಲು ಏರಿತು. ಗದಿಗೆಪ್ಪ ದಂಡೆ ಬಿಟ್ಟು ಕದಲಲಿಲ್ಲ. ನಿನ್ನೆ ಹೊರಗೆ ಹಾಕಿ ಎಂದವನು ಇವತ್ತು ಹೊಳೆಯನ್ನೇ ನೋಡುತ್ತ ನಿಂತ. ಕುಡಿದಾದರೂ ಬರಲಿ, ಬಂದರೆ ಸಾಕು ಎಂದುಕೊಂಡ.

ಅಷ್ಟರಲ್ಲಿ ತೆಪ್ಪ ಕಾಣಿಸಿತು. ಅದರಲ್ಲಿ ಎರಡು ತಲೆಗಳಿದ್ದವು.

ಗದಿಗೆಪ್ಪ ಮೊಣಕಾಲುದ್ದ ನೀರಿಗೆ ಓಡಿ ಹುಲಿಗೆಪ್ಪನ ಬಾಯಿ ಮೂಸಿದ. ಬರೀ ಎಲೆ ಅಡಿಕೆಯ ವಾಸನೆ. ಉಪ್ಪಿನ ಚೀಲ ನೆನೆದಿರಲಿಲ್ಲ. ಆದರೆ ಪಕ್ಕದಲ್ಲಿ ಕೂತವನು ಗಬ್ಬೆಂದು ನಾರುತ್ತಿದ್ದ.

"ಯಾರಪ ಇವ?"

"ನನ್ನ ಜೋಡಿ ಕುಡಿಯಾಂವ," ಎಂದ ಹುಲಿಗೆಪ್ಪ. "ಸುಳ್ಳು ಯಾಕ ಹೇಳ್ಲಿ, ಅಂಗಡಿ ಕಟ್ಟಿ ತನಕ ಹೋಗಿದ್ದೆ. ಒಂದು ಕೈಯಾಗ ಉಪ್ಪಿತ್ತು, ಗ್ಲಾಸು ಹಿಡೀಬೇಕಂದ್ರ ಹುಟ್ಟು ಕೆಳಗ ಇಡಬೇಕಿತ್ತು. ಇಡಲಿಲ್ಲ. ಅದನ್ನ ನೋಡಿ ಇವ ನನ್ನೂ ಕರಕೊಂಡು ಹೋಗು ಅಂತ ಅತ್ತ."

ಗದಿಗೆಪ್ಪ ಇಬ್ಬರನ್ನೂ ಕೈಹಿಡಿದು ಮೇಲೆ ತಂದ. ನಡುಗಡ್ಡೆಗೆ ಮತ್ತೆ ಸಾರಾಯಿ ಬಂದಿತ್ತು, ಚೀಲದಲ್ಲಲ್ಲ, ಈ ಸಲ ಹೊಸಬನ ಹೊಟ್ಟೆಯಲ್ಲಿ. ಗದಿಗೆಪ್ಪ ಅದನ್ನು ಮೂಸಿಯೂ ಒಳಗೆ ಬಿಟ್ಟ.

ಪಡಸಾಲೆಯಲ್ಲಿ ಅಜ್ಜ ಇನ್ನೊಂದು ಚಾಪೆ ಬಿಡಿಸುತ್ತಿದ್ದರು. ಗದಿಗೆಪ್ಪ ಹುಟ್ಟು ಹಿಡಿದು ಬಾಗಿಲಲ್ಲಿ ನಿಂತ.

"ಅಜ್ಜಾರ, ಹೊಸಬ ಬಂದಾನ. ಇದನ್ನ ಎಲ್ಲಿಡ್ಲಿ?"

"ಅವನ ತಲಿ ಕಡಿ ಗೂಟಕ್ಕ ತೂಗಹಾಕು. ಕೈಗಿ ಎಟಕಂಗಿರ್ಲಿ."