ಹೊಳೆಗೆ ಹೋದ ಬಾವಿಯವರು

ಮಳೆಗಾಲದಲ್ಲಿ ಜೈನ ಮುನಿಗಳೂ ಸನ್ಯಾಸಿನಿಯರಾದ ಆರ್ಯಿಕೆಯರೂ ಊರೂರು ನಡೆಯುವುದಿಲ್ಲ. ಹಸಿ ನೆಲದ ತುಂಬ ಹುಳುಹುಪ್ಪಟೆ ಓಡಾಡುವ ಕಾಲ ಅದು. ಕಾಲಿಟ್ಟಲ್ಲೆಲ್ಲ ಒಂದು ಪ್ರಾಣ.

ಹಾಗಾಗಿ ಆರ್ಯಿಕೆ ವಿನೀತಮತಿ ಮಾತಾಜಿ ಆ ನಾಲ್ಕು ತಿಂಗಳು ಹೊಳೆದಂಡೆಯ ಬಸದಿಯಲ್ಲೇ ಉಳಿದರು.

ಅವರ ಸೇವೆಗೆಂದು ಚಂಪಾ ಬಂದಳು. ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ನೇಮಣ್ಣ ಆ ಬೇಸಿಗೆಯಲ್ಲಿ ಜ್ವರ ಬಂದು ತೀರಿಹೋಗಿದ್ದ. ಅಂದಿನಿಂದ ಯಾವ ಪ್ರಾರ್ಥನೆಗೆ ಕೂತರೂ ಅವಳ ದನಿ ನಡುವೆಯೇ ನಿಂತುಹೋಗುತ್ತಿತ್ತು.

"ಧರ್ಮವನ್ನು ಮೊದಲಿನಿಂದ ಕಲಿಸಿ, ಮಾತಾಜಿ," ಎಂದಳು. "ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಈಗ ಕೈಗೆ ಸಿಗುತ್ತಿಲ್ಲ."

ಮಾತಾಜಿ ನವಿಲುಗರಿಯ ಪಿಂಛಿಯಿಂದ ಜಗಲಿಯನ್ನು ಮೆಲ್ಲಗೆ ಸವರಿ ಕುಳಿತರು.

"ಅಲ್ಲಿ ಒಂದು ಇರುವೆಯೂ ಇರಲಿಲ್ಲವಲ್ಲ," ಎಂದಳು ಚಂಪಾ.

"ನಿನ್ನ ಕಣ್ಣು ಚುರುಕು. ನನ್ನದು ಅಷ್ಟಿಲ್ಲ. ಇರಲಿ, ನೀರು ಸೋಸಲು ಬರುತ್ತದೆಯೇ?"

"ಜೈನರ ಮನೆಯಲ್ಲಿ ಹುಟ್ಟಿ ಅದು ಬರದೆ ಇರುತ್ತದೆಯೇ?"

"ಹೇಳು ನೋಡೋಣ."

"ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾವಿಯ ನೀರು ಸೋಸಬೇಕು. ಕಣ್ಣಿಗೆ ಕಾಣದ ಜೀವಗಳು ಬಟ್ಟೆಯಲ್ಲಿ ಉಳಿಯುತ್ತವೆ. ಬಟ್ಟೆ ಮಗುಚಿ, ಸೋಸಿದ ನೀರನ್ನೇ ಹಾಕಿ, ಅವನ್ನು ತಂಬಿಗೆಗೆ ಇಳಿಸಿಕೊಳ್ಳಬೇಕು. ತಂಬಿಗೆಗೆ ಹಗ್ಗ ಕಟ್ಟಿ ಅದೇ ಬಾವಿಯ ನೀರಿನ ತನಕ ಇಳಿಬಿಡಬೇಕು."

"ಮೇಲಿನಿಂದಲೇ ಸುರಿದರೆ?"

"ಅವಕ್ಕೆ ಪೆಟ್ಟಾಗುತ್ತದೆ."

"ಧರ್ಮದ ಮೊದಲು ಅಂದರೆ ಇದೇ. ನಾಳೆಯಿಂದ ಮಾಡು."

ಮಾತಾಜಿಗೆ ದಿನಕ್ಕೆ ಒಂದೇ ಹೊತ್ತು ಊಟ, ಅದೂ ಅಂಗೈಯಲ್ಲಿ. ಆ ಊಟಕ್ಕೆ ಬೇಕಾದ ನೀರನ್ನು ಚಂಪಾ ದಿನವೂ ಸೋಸಿ ಕಾಯಿಸಿಡುತ್ತಿದ್ದಳು.

ಬೆಳಿಗ್ಗೆ ಮಾತಾಜಿ ಪಂಚನಮಸ್ಕಾರ ಹೇಳುವಾಗ ಅವಳೂ ತಡವರಿಸುತ್ತ ಹಿಂದೆ ಹಿಂದೆ ಹೇಳುತ್ತಿದ್ದಳು. ಅರಿಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಲೋಕದ ಎಲ್ಲ ಸಾಧುಗಳಿಗೆ ನಮಸ್ಕಾರ.

ಒಂದು ದಿನ ಅದರ ಕೊನೆಗೆ ಪಿಸುದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು.

"ಆರನೆಯವರು ಯಾರು?" ಎಂದರು ಮಾತಾಜಿ.

ಚಂಪಾ ತಲೆ ತಗ್ಗಿಸಿದಳು. "ನೇಮಣ್ಣ. ಅವನನ್ನು ಕಾಪಾಡಿ ಎಂದೆ."

"ಯಾರಿಗೆ ಎಂದೆ?"

"ಇವರಿಗೇ. ಈಗ ಕೈ ಮುಗಿದೆವಲ್ಲ, ಇವರಿಗೆ."

"ಇವರು ಕೊಡುವವರಲ್ಲ, ಚಂಪಾ. ತಮ್ಮ ಸಿಟ್ಟನ್ನೂ ಆಸೆಯನ್ನೂ ಗೆದ್ದವರು, ಗೆಲ್ಲಲು ಹೊರಟವರು. ಆ ಗೆಲುವಿಗೆ ನಾವು ತಲೆಬಾಗುತ್ತೇವೆ. ಅದಕ್ಕೇ ಈ ಮಂತ್ರದಲ್ಲಿ ಮಹಾವೀರಸ್ವಾಮಿಯ ಹೆಸರು ಕೂಡ ಇಲ್ಲ."

"ಬೇಡುವ ಮಾತೂ ಇಲ್ಲ."

"ಇಲ್ಲ."

"ಹಾಗಾದರೆ ನಾನು ಹೇಳಿದ್ದು ಅವನಿಗೆ ಮುಟ್ಟುವುದಿಲ್ಲ."

"ಅವನು ಮಾಡಿದ್ದು ಅವನ ಜೊತೆ ಹೋಯಿತು. ಈ ದೇಹ ಬಿಟ್ಟ ಜೀವ ಇನ್ನೊಂದು ದೇಹ ಹಿಡಿಯುತ್ತದೆ. ನಮ್ಮ ಬಾಗಿಲಲ್ಲಿ ನಿಂತು ಕಾಯುವುದಿಲ್ಲ."

"ನಾನು ಕಾಯುತ್ತಿದ್ದೇನಲ್ಲ."

ಮಾತಾಜಿ ಪಿಂಛಿ ಎತ್ತಿಕೊಂಡು ಎದ್ದರು.

"ಮುಟ್ಟದ ಮಾತನ್ನು ಯಾಕೆ ಹೇಳಬೇಕು?" ಎಂದಳು ಚಂಪಾ. "ನಾಳೆ ಊರಿಗೆ ಹೋಗುತ್ತೇನೆ, ಮಾತಾಜಿ. ಇನ್ನು ನನ್ನಿಂದ ಕೈ ಮುಗಿಯಲು ಆಗದು."

"ಹೋಗು. ಹೋಗುವ ಮೊದಲು ನೀರು ಸೋಸಿಡು. ಬಾಯಾರಿಕೆಗೆ ನಿನ್ನ ದುಃಖ ಗೊತ್ತಾಗುವುದಿಲ್ಲ."

ಮರುದಿನ ಚಂಪಾ ನೀರು ಸೋಸಿದಳು. ಆದರೆ ಬಟ್ಟೆಯನ್ನು ತಂಬಿಗೆಯ ಮೇಲೆ ಮಗುಚಲಿಲ್ಲ. ಒಗೆಯುವ ಸೀರೆಗಳ ಜೊತೆ ಅದನ್ನೂ ಸುತ್ತಿಕೊಂಡು ಹೊಳೆಗೆ ಹೋಗಿ, ಅಲ್ಲೇ ಜಾಲಾಡಿ ಹಿಂಡಿಕೊಂಡು ಬಂದಳು.

ಮಾತಾಜಿ ಬಾವಿಕಟ್ಟೆಯ ಹತ್ತಿರ ನಿಂತಿದ್ದರು.

"ತಂಬಿಗೆ ಒಣಗಿದೆಯಲ್ಲ?"

"ಬಟ್ಟೆಯನ್ನು ಹೊಳೆಯಲ್ಲೇ ಜಾಲಾಡಿದೆ. ಅದೂ ನೀರೇ ತಾನೆ?"

"ಬಾವಿಯವರನ್ನು ಹೊಳೆಗೆ ಕಳಿಸಿದೆ. ಬರುತ್ತೀರಾ ಎಂದು ಒಂದು ಮಾತು ಕೇಳಿದೆಯಾ?"

ಚಂಪಾಗೆ ನಗು ಬಂತು. ಬೇಸಿಗೆಯಿಂದೀಚೆಗೆ ಅವಳು ನಕ್ಕಿರಲಿಲ್ಲ.

ನಗುತ್ತಲೇ ಬಾವಿಯೊಳಗೆ ಬಗ್ಗಿ ನೋಡಿದಳು. ನೀರು ಅಲುಗದೆ, ತಣ್ಣಗೆ, ತಿಳಿಯಾಗಿ ನಿಂತಿತ್ತು. ಹೊಳೆ ಕೆಂಪಾಗಿ ಸೆಳೆದುಕೊಂಡು ಹರಿಯುತ್ತಿದ್ದದ್ದು ನೆನಪಾಯಿತು.

ಸೀರೆಗಳನ್ನು ಅಲ್ಲೇ ಹಾಕಿ ಹೊಳೆಯ ಕಡೆಗೆ ಓಡಿದಳು.

ಮಾತಾಜಿ ನೆಲ ನೋಡಿಕೊಂಡು ನಿಧಾನವಾಗಿ ಹಿಂದೆ ಬಂದರು. ಚಂಪಾ ನೀರಿನ ಅಂಚಿನಲ್ಲಿ ನಿಂತಿದ್ದಳು.

"ಎಲ್ಲಿಗೆ ಹೋದವೋ," ಎಂದಳು. "ಯಾವುದು ಉಳಿಯಿತೋ. ಕರೆದರೆ ಬರುವುದಿಲ್ಲ."

"ಬರುವುದಿಲ್ಲ."

"ಅವಕ್ಕೆ ಹೆಸರಿಲ್ಲ. ನಾನು ನೋಡಿದ್ದೂ ಇಲ್ಲ. ತಪ್ಪಾಯಿತು ಎಂದು ಯಾರಿಗೆ ಹೇಳಲಿ?"

"ಹೇಳುವ ಮಾತು ನಿನಗೆ ಗೊತ್ತಿರುವುದೇ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು."

ಚಂಪಾ ಹೊಳೆಗೆ ಮುಖ ಮಾಡಿ ಕೈ ಮುಗಿದಳು.

"ಎಲ್ಲ ಜೀವಗಳನ್ನೂ ನಾನು ಕ್ಷಮಿಸಿದ್ದೇನೆ. ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ. ಎಲ್ಲ ಜೀವಗಳೊಂದಿಗೂ ನನಗೆ ಸ್ನೇಹವಿದೆ. ಯಾರ ಮೇಲೂ ಹಗೆ ಇಲ್ಲ."

ದನಿ ನಡುವೆ ಎಲ್ಲೂ ನಿಲ್ಲಲಿಲ್ಲ.

"ಎಲ್ಲ ಜೀವಗಳು ಅಂದರೆ..." ಎಂದು ಅವಳು ಮಾತು ಅರ್ಧಕ್ಕೇ ಬಿಟ್ಟಳು. ಹೊಳೆಯನ್ನು ನೋಡಿದಳು. ಕಾಲಡಿಯ ಒದ್ದೆ ಹುಲ್ಲನ್ನು ನೋಡಿದಳು. ಒಂದು ಹೆಜ್ಜೆ ಹಿಂದಿಡಲು ಹೋದವಳು ಹಾಗೇ ನಿಂತಳು.

"ಮಾತಾಜಿ, ನೇಮಣ್ಣ ಈಗ ಎಲ್ಲಿದ್ದಾನೆ?"

ಮಾತಾಜಿ ದಂಡೆಯ ಬಂಡೆಯನ್ನು ಪಿಂಛಿಯಿಂದ ಸವರಿದರು. ತಮಗೆ ಬೇಕಾದಷ್ಟು ಜಾಗವಾದ ಮೇಲೂ ನಿಲ್ಲಿಸದೆ, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಸವರಿದರು.

ಆಮೇಲೆ ಅವಳನ್ನು ಹತ್ತಿರ ಕರೆದರು.

"ನನಗೂ ಗೊತ್ತಿಲ್ಲ, ಮಗಾ. ಅದಕ್ಕೇ ನಾನು ಸವರದೆ ಎಲ್ಲೂ ಕೂರುವುದಿಲ್ಲ."